ಮೊದಲ ಪ್ರಾಜೆಕ್ಟ್‌ಗೆ ಅಂಕಿ ಎಲ್ಲಿಂದ ತರೋದು? ಸರ್ವೆ, ಎಣಿಕೆ, ಇರುವ ದಾಖಲೆ, ಪ್ರಯೋಗ: ಯಾರಿಗೆ ಯಾವುದು

ಪ್ರತಿ ವರ್ಷ ಪ್ರಾಜೆಕ್ಟ್ ಸೆಮಿಸ್ಟರ್ ಶುರುವಾದ ಕೂಡಲೇ ಸ್ಟಾಫ್ ರೂಮಿನ ಬಾಗಿಲಲ್ಲಿ ಇದೇ ಪ್ರಶ್ನೆ. "ಮೇಡಂ, ಸರ್ವೆ ಮಾಡ್ಲಾ, ಇಲ್ಲ ಸೆಕೆಂಡರಿ ಡೇಟಾ ತಗೊಳ್ಳಲಾ?" (ಸೆಕೆಂಡರಿ ಡೇಟಾ ಅಂದರೆ ಬೇರೆಯವರು ಆಗಲೇ ಕೂಡಿಸಿಟ್ಟ ಅಂಕಿ.) ಅವರ ಹಿಂದೆ ನಿಂತವರದು ಇನ್ನೊಂದು: "ನಮ್ಮ ಸೀನಿಯರ್ ಗೂಗಲ್ ಫಾರ್ಮ್ ಕಳಿಸಿ ಒಂದೇ ದಿನದಲ್ಲಿ ಮುಗಿಸಿದ್ರಂತೆ, ನಾನೂ ಹಂಗೇ ಮಾಡ್ಬಹುದಾ?" ಮೈಸೂರಿನ ಮಕ್ಕಳೂ ಕೇಳುತ್ತಾರೆ, ಮಂಡ್ಯದಿಂದ ದಿನಾ ಟ್ರೈನಲ್ಲಿ ಬರುವ ಮಕ್ಕಳೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಓದಿ ಮುಗಿಸುವ ಹೊತ್ತಿಗೆ ನಿಮ್ಮ ದಾರಿ ಯಾವುದು ಅಂತ ನೀವೇ ತೀರ್ಮಾನ ಮಾಡುವ ಹಾಗಾದರೆ ಸಾಕು.

ಮೊದಲು ಒಂದು ವಿಷಯ. ಪರಿಮಾಣಾತ್ಮಕ ಸಂಶೋಧನೆ ಅಂದರೆ ಅಂಕಿಯಲ್ಲಿ ಉತ್ತರ ಹುಡುಕುವುದು. ಎಷ್ಟು ಜನ? ಈ ಗುಂಪಿಗೂ ಆ ಗುಂಪಿಗೂ ವ್ಯತ್ಯಾಸ ಎಷ್ಟು? ಒಂದು ಏರಿದರೆ ಇನ್ನೊಂದೂ ಏರುತ್ತದಾ? ಒಂದನ್ನು ಬದಲಿಸಿದ್ದರಿಂದಲೇ ಇನ್ನೊಂದು ಬದಲಾಯಿತಾ? ನಿಮ್ಮ ಪ್ರಶ್ನೆ ಈ ನಾಲ್ಕರಲ್ಲಿ ಒಂದು ಆಗಿರಬೇಕು. ಜನ ಯಾಕೆ ಹೀಗೆ ಬದುಕುತ್ತಾರೆ, ಅವರ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಅನ್ನುವುದು ನಿಮ್ಮ ಪ್ರಶ್ನೆಯಾದರೆ ದಾರಿ ಬೇರೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಕೆಲಸ ಮಾಡಿದರಲ್ಲ, ಅದು ಆ ದಾರಿ. ಅದೂ ದೊಡ್ಡ ದಾರಿಯೇ. ಇಲ್ಲಿ ಹೇಳುತ್ತಿರುವುದು ಅಂಕಿಯ ದಾರಿ ಮಾತ್ರ.

ಆರಿಸುವ ಮೊದಲು ಏನೇನು ನೋಡಬೇಕು

ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಖಾಲಿ ಕೋಷ್ಟಕ. ಒಂದು ಹಾಳೆ ತಗೊಳ್ಳಿ. ನಿಮ್ಮ ಪ್ರಾಜೆಕ್ಟ್ ಮುಗಿದ ಮೇಲೆ ಅದರಲ್ಲಿ ಬರುವ ಮುಖ್ಯ ಕೋಷ್ಟಕವನ್ನು ಈಗಲೇ ಬರೆಯಿರಿ, ಅಂಕಿ ಇಲ್ಲದೆ. ಸಾಲುಗಳಿಗೆ ಹೆಸರು, ಕಾಲಂಗಳಿಗೆ ಹೆಸರು, ಒಳಗೆಲ್ಲ ಖಾಲಿ.

ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ "ಹೈನುಗಾರಿಕೆಯಿಂದ ಮಹಿಳಾ ಸಬಲೀಕರಣ" ಅಂತ ವಿಷಯ ತಂದಿದ್ದಳು. ಒಳ್ಳೆಯ ವಿಷಯ. ಆದರೆ ಸಬಲೀಕರಣವನ್ನು ಅಳೆಯೋದು ಹೇಗೆ? ಎರಡು ದಿನ ಕೂತಳು. ಮೂರನೇ ದಿನ ಒಂದು ಹಾಳೆ ತಂದಳು. ಎಡಗಡೆ ಎರಡು ಸಾಲು: ಡೈರಿ ಖಾತೆ ತನ್ನ ಹೆಸರಲ್ಲಿ ಇರುವ ಹೆಂಗಸರು, ಗಂಡನ ಅಥವಾ ಮನೆಯ ಬೇರೆಯವರ ಹೆಸರಲ್ಲಿ ಇರುವವರು. ಮೇಲೆ ಮೂರು ಕಾಲಂ: ಬಟವಾಡೆ ದುಡ್ಡು (ಡೈರಿಯವರು ಹಾಲಿಗೆ ಕೊಡುವ ದುಡ್ಡು) ಹೇಗೆ ಖರ್ಚು ಮಾಡಬೇಕು ಅಂತ ತಾನೇ ತೀರ್ಮಾನ ಮಾಡುವವರು, ಮನೆಯವರ ಜೊತೆ ಕೂತು ಮಾಡುವವರು, ಬೇರೆಯವರೇ ತೀರ್ಮಾನ ಮಾಡಿಬಿಡುವ ಮನೆಗಳು. ಒಟ್ಟು ಆರು ಖಾಲಿ ಚೌಕ. ಅಷ್ಟು ದೊಡ್ಡ ಪದ ಆರು ಚೌಕದೊಳಗೆ ಬಂದು ಕೂತಿತ್ತು. ಆ ಹಾಳೆ ನೋಡಿದ ಮೇಲೆ ಯಾವ ದಾರಿ ಅಂತ ನಾನು ಹೇಳಬೇಕಾಗಲಿಲ್ಲ. ಸಾಲುಗಳ ಲೆಕ್ಕ ಡೈರಿಯ ಪುಸ್ತಕದಲ್ಲೇ ಇದೆ. ಕಾಲಂಗಳ ಲೆಕ್ಕ ಮಾತ್ರ ಮನೆಮನೆಗೆ ಹೋಗಿ ಕೇಳಬೇಕು.

ಎರಡನೆಯದು ಕೈಯಲ್ಲಿರುವ ದಿನ. ಸೆಮಿಸ್ಟರ್ ನಾಲ್ಕೈದು ತಿಂಗಳು ಅಂತ ಅನ್ನಿಸುತ್ತದೆ. ವಿಷಯ ಒಪ್ಪಿಸುವುದು, ಇಂಟರ್ನಲ್ಸ್, ಹಬ್ಬ, ಬರೆದು ಟೈಪ್ ಮಾಡಿಸಿ ಬೈಂಡ್ ಹಾಕಿಸುವುದು ಎಲ್ಲ ಕಳೆದರೆ ಅಂಕಿ ಕೂಡಿಸಲು ಸಿಗುವುದು ಐದಾರು ವಾರ. ಮೂರನೆಯದು ದುಡ್ಡು. ನಾಲ್ಕನೆಯದು ಅನುಮತಿ: ಯಾರನ್ನು ಕೇಳಬೇಕು, ಅವರು ಎಷ್ಟು ದಿನ ಓಡಾಡಿಸಬಹುದು.

ಐದನೆಯದನ್ನು ಮಕ್ಕಳು ಮರೆಯುತ್ತಾರೆ. ವೈವಾದಲ್ಲಿ ನೀವೇ ವಿವರಿಸಬಲ್ಲ ಲೆಕ್ಕ ಯಾವುದು? ಸಂಖ್ಯಾಶಾಸ್ತ್ರದ ಟೆಸ್ಟ್ ಹಾಕಿ ಪಿ ಬೆಲೆ 0.05ಕ್ಕಿಂತ ಕಡಿಮೆ ಬಂತು ಅಂತ ಬರೆದುಬಿಡುತ್ತಾರೆ. ಹಾಗಂದರೇನು ಅಂದರೆ "ನನ್ನ ಊಹೆ ಸಾಬೀತಾಯಿತು" ಅನ್ನುತ್ತಾರೆ. ಅದು ತಪ್ಪು. ಎರಡು ಗುಂಪಿನ ನಡುವೆ ನಿಜವಾಗಿ ವ್ಯತ್ಯಾಸ ಇಲ್ಲ ಅಂತಲೇ ಇಟ್ಟುಕೊಳ್ಳಿ. ಆಗಲೂ ಬರೀ ಆಕಸ್ಮಿಕವಾಗಿ ಇಷ್ಟು ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ಅಷ್ಟೇ ಅದರ ಅರ್ಥ. ಇದನ್ನು ನಿಮ್ಮ ಅಮ್ಮನಿಗೆ ಹೇಳಿ ಒಪ್ಪಿಸಲು ಆಗುತ್ತದೆ ಅಂದರೆ ಟೆಸ್ಟ್ ಹಾಕಿ. ಇಲ್ಲದಿದ್ದರೆ ಸರಾಸರಿ, ಮಧ್ಯಾಂಕ (ಅಂಕಿಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬರುವುದು), ಶೇಕಡಾವಾರು ಚೆನ್ನಾಗಿ ಬಳಸಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಸರ್ವೆ: ಎಲ್ಲರೂ ಹಿಡಿಯುವ ದಾರಿ, ಅಂದುಕೊಂಡಷ್ಟು ಸುಲಭ ಅಲ್ಲ

ಜನರ ಅಭಿಪ್ರಾಯ, ಅಭ್ಯಾಸ, ಮನೆಯೊಳಗಿನ ತೀರ್ಮಾನ ಇವೆಲ್ಲ ಯಾವ ಕಡತದಲ್ಲೂ ಸಿಗುವುದಿಲ್ಲ. ಕೇಳಲೇಬೇಕು. ಆಗ ಪ್ರಶ್ನಾವಳಿ ಬಿಟ್ಟರೆ ಬೇರೆ ದಾರಿ ಇಲ್ಲ. ಸರ್ವೆಯ ದೊಡ್ಡ ಲಾಭ ಇದು: ನಿಮ್ಮ ಖಾಲಿ ಕೋಷ್ಟಕಕ್ಕೆ ಬೇಕಾದ್ದನ್ನೇ ಕೇಳಬಹುದು.

ಲೆಕ್ಕ ಹಾಕೋಣ. ನಾಲ್ಕು ಪುಟದ ಪ್ರಶ್ನಾವಳಿ, 100 ಪ್ರತಿ, ಜೆರಾಕ್ಸ್ ಪುಟಕ್ಕೆ 2 ರೂಪಾಯಿ ಹಿಡಿದರೆ 800 ರೂಪಾಯಿ. ಮನೆಗೆ ಹೋಗಿ ಕೇಳಿ ಬರೆದುಕೊಂಡರೆ ಒಬ್ಬರಿಗೆ 20 ನಿಮಿಷ, ನಡೆದಾಡುವುದು, ಮನೆಯವರು ಹೊಲದಿಂದ ಬರಲಿ ಅಂತ ಕಾಯುವುದು ಬೇರೆ. ದಿನಕ್ಕೆ ಎಂಟು ಜನ ಸಿಕ್ಕರೆ ಪುಣ್ಯ. 100 ಜನಕ್ಕೆ 12, 13 ದಿನ ಬೇಕು. ಆಮೇಲೆ ಒಂದೊಂದು ಪ್ರತಿಯನ್ನು ಕಂಪ್ಯೂಟರಿಗೆ ಹಾಕಲು 10 ನಿಮಿಷ ಅಂದರೂ ಸುಮಾರು 17 ಗಂಟೆ ಕೆಲಸ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಓಡಾಟದ ಖರ್ಚು ಅಷ್ಟು ಉಳಿಯುತ್ತದೆ.

ಎಷ್ಟು ಜನ ಸಾಕು? ಇದಕ್ಕೆ ಎಲ್ಲರೂ 384 ಅಂತ ಒಂದು ಸಂಖ್ಯೆ ಹೇಳುತ್ತಾರೆ. ಎಲ್ಲಿಂದ ಬಂತು ಅದು? ಶೇ 95ರ ಭರವಸೆಯಲ್ಲಿ (ಹೀಗೆ ನೂರು ಸಲ ಕೇಳಿದರೆ 95 ಸಲ), ನಿಜವಾದ ಶೇಕಡಾವಾರಿಗಿಂತ ಐದು ಅಂಶ ಆಚೀಚೆ ಒಳಗೆ ಉತ್ತರ ಬೇಕು ಅಂದರೆ ಸೂತ್ರ ಕೊಡುವ ಸಂಖ್ಯೆ ಅದು. ಊರು ಎಷ್ಟೇ ದೊಡ್ಡದಿದ್ದರೂ ಹೆಚ್ಚುಕಡಿಮೆ ಅಷ್ಟೇ. 100 ಜನರನ್ನು ಕೇಳಿದರೆ ಆಚೀಚೆ ಸುಮಾರು 10 ಅಂಶ. 400 ಜನರನ್ನು ಕೇಳಿದರೆ 5. ಅಂದರೆ ತಪ್ಪು ಅರ್ಧ ಮಾಡಬೇಕಾದರೆ ಕೆಲಸ ನಾಲ್ಕು ಪಟ್ಟು. ಒಬ್ಬರೇ ಮಾಡುವ ಮೊದಲ ಪ್ರಾಜೆಕ್ಟ್‌ಗೆ 100 ಜನ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಆ 10 ಅಂಶದ ಮಿತಿಯನ್ನು ವರದಿಯಲ್ಲಿ ಬರೆಯಬೇಕು. ಚೌಕಗಳ ಲೆಕ್ಕವೂ ಇರಲಿ. 60 ಜನರನ್ನು ಆರು ಚೌಕಕ್ಕೆ ಹಂಚಿದರೆ ಕೆಲವು ಚೌಕದಲ್ಲಿ ಇಬ್ಬರು ಮೂವರು ಉಳಿಯುತ್ತಾರೆ. ಸಾಲಿಗೂ ಕಾಲಂಗೂ ಸಂಬಂಧ ಇದೆಯಾ ಅಂತ ನೋಡುವ ಕೈ-ಸ್ಕ್ವೇರ್ ಟೆಸ್ಟ್ ಹಾಕಬೇಕಾದರೆ ಪ್ರತಿ ಚೌಕದ ನಿರೀಕ್ಷಿತ ಸಂಖ್ಯೆ (ಸಂಬಂಧವೇ ಇಲ್ಲದಿದ್ದರೆ ಅಲ್ಲಿ ಬರಬೇಕಿದ್ದ ಸಂಖ್ಯೆ) ಕನಿಷ್ಠ ಐದಾದರೂ ಇರಬೇಕು ಅನ್ನುವುದು ರೂಢಿಯ ನಿಯಮ.

ಸಂಖ್ಯೆಗಿಂತ ದೊಡ್ಡದು ಯಾರನ್ನು ಕೇಳಿದಿರಿ ಅನ್ನುವುದು. ಗೂಗಲ್ ಫಾರ್ಮ್ ವಿಷಯಕ್ಕೆ ಬರುತ್ತೇನೆ. ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕಿದರೆ ಸಂಜೆಗೆ 200 ಉತ್ತರ ಬರಬಹುದು. ಬಂದವರೆಲ್ಲ ನಿಮ್ಮ ವಯಸ್ಸಿನವರು, ನಿಮ್ಮ ಥರದವರು, ಬಿಡುವಿದ್ದವರು. 1936ರಲ್ಲಿ ಅಮೆರಿಕದ ಒಂದು ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮೊದಲು ಒಂದು ಕೋಟಿ ಜನರಿಗೆ ಮತಚೀಟಿ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಭಾರಿ ಅಂತರದಲ್ಲಿ. ಫೋನು, ಕಾರು ಇದ್ದವರ, ಅಂದರೆ ಆ ಕಾಲಕ್ಕೆ ಅನುಕೂಲಸ್ಥರ, ಪಟ್ಟಿ ನೋಡಿ ಕಳಿಸಿದ್ದು ಒಂದು ತಪ್ಪು. ಮನಸ್ಸಿದ್ದವರು ಮಾತ್ರ ವಾಪಸ್ ಕಳಿಸಿದ್ದು ಇನ್ನೊಂದು. ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಅನ್ನುವ ಸಮೀಕ್ಷಕರ ಲೆಕ್ಕ ಸರಿಯಾಯಿತು. ನಮ್ಮ ಫಾರ್ಮ್‌ಗೂ ಇದೇ ಕಾಯಿಲೆ. ನಿಮ್ಮ ವಿಷಯ ನಿಮ್ಮ ಕಾಲೇಜಿನ ವಿದ್ಯಾರ್ಥಿಗಳ ಬಗ್ಗೆಯೇ ಇದ್ದು, ಪೂರ್ತಿ ಹಾಜರಿ ಪಟ್ಟಿಯಿಂದ ಆರಿಸಿದವರಿಗೆ ಮಾತ್ರ ಲಿಂಕ್ ಕಳಿಸುವುದಾದರೆ ಗೂಗಲ್ ಫಾರ್ಮ್ ಒಳ್ಳೆಯ ಸಾಧನ. 480 ಜನರ ಪಟ್ಟಿಯಲ್ಲಿ 60 ಜನ ಬೇಕಾ? ಒಂದರಿಂದ ಎಂಟರವರೆಗೆ ಚೀಟಿ ಬರೆದು ಒಂದು ಎತ್ತಿ. ಐದು ಬಂದರೆ 5, 13, 21 ಹೀಗೆ ಪ್ರತಿ ಎಂಟನೆಯವರು. ಅವರಲ್ಲಿ ಉತ್ತರ ಕೊಡದವರನ್ನು ಮತ್ತೆ ಕೇಳಿ. ಎಷ್ಟು ಜನ ಕೊಡಲಿಲ್ಲ ಅಂತಲೂ ಬರೆಯಿರಿ.

ಇನ್ನು ಪ್ರಶ್ನೆಯ ಭಾಷೆ. ಆ ಡೈರಿಯ ಹುಡುಗಿ ಹತ್ತು ಜನರ ಮೇಲೆ ಪ್ರಶ್ನಾವಳಿ ಪರೀಕ್ಷಿಸಲು ಹೋದಾಗ ನಾನೂ ಜೊತೆಗೆ ಹೋಗಿದ್ದೆ. ಬೆಳಗ್ಗೆ ಆರೂವರೆ, ಡೈರಿ ಮುಂದೆ ಕ್ಯಾನು, ಚೊಂಬು ಹಿಡಿದವರ ಸಾಲು. ಹಾಲು ಹಾಕಿ ಬಂದ ಒಬ್ಬ ಅಜ್ಜಿಯನ್ನು ಜಗಲಿ ಮೇಲೆ ಕೂರಿಸಿಕೊಂಡು ಇವಳು ಕೇಳಿದಳು: "ಅಜ್ಜಿ, ಹಾಲಿಂದ ನಿಮ್ಮ ಮಾಸಿಕ ಆದಾಯ ಎಷ್ಟು?" ಅಜ್ಜಿ ಇವಳ ಮುಖ ನೋಡಿದರು. "ತಿಂಗ್ಳಿಗೆ ಅಂದ್ರೆ ಎಂಗವ್ವ ಯೋಳದು? ಓದ್ ಬಟವಾಡೇಲಿ ಎಷ್ಟು ಬಂತು ಕೇಳು, ಯೋಳ್ತೀನಿ." ಹೇಳಿದರು ಕೂಡ, ರೂಪಾಯಿ ಲೆಕ್ಕದಲ್ಲಿ, ಫ್ಯಾಟು ಯಾವ ದಿನ ಕಡಿಮೆ ಬಂತು ಅನ್ನುವುದನ್ನೂ ಸೇರಿಸಿ. ಆ ಪ್ರಶ್ನೆಯನ್ನು ಅಲ್ಲೇ ಪೆನ್ನಲ್ಲಿ ಹೊಡೆದು "ಹೋದ ಬಟವಾಡೆಯಲ್ಲಿ ಎಷ್ಟು ಬಂತು" ಅಂತ ಬರೆದುಕೊಂಡಳು. ಕಬ್ಬು ಬೆಳೆಯುವವರ ಮನೆಯಲ್ಲೂ ಹೀಗೇ. ಕಬ್ಬಿನ ದುಡ್ಡು ಬರುವುದು ಕಟಾವಾದ ಮೇಲೆ. ತಿಂಗಳ ಆದಾಯ ಅಂತ ಕೇಳಿದರೆ ಅವರು ಬಾಯಿಗೆ ಬಂದ ಒಂದು ಸಂಖ್ಯೆ ಹೇಳುತ್ತಾರೆ, ನಿಮ್ಮ ಸರಾಸರಿ ಅದರ ಮೇಲೆ ನಿಲ್ಲುತ್ತದೆ.

ಐದು ಹಂತದ ಅಳತೆಯಲ್ಲೂ ಎಚ್ಚರ ಬೇಕು. ರೆನ್ಸಿಸ್ ಲಿಕರ್ಟ್ 1932ರಲ್ಲಿ ರೂಪಿಸಿದ "ಪೂರ್ತಿ ಒಪ್ಪುತ್ತೇನೆ"ಯಿಂದ "ಸ್ವಲ್ಪವೂ ಒಪ್ಪುವುದಿಲ್ಲ"ದವರೆಗಿನ ಅಳತೆ ಅದು. ನಮ್ಮ ಜನ ಕೊಡುವ ಉತ್ತರ ಏನು? "ಪರವಾಗಿಲ್ಲ." ಈ ಒಂದು ಮಾತನ್ನು ಯಾವ ಹಂತಕ್ಕೆ ಹಾಕುತ್ತೀರಿ? ಊಟ ಹೇಗಿದೆ ಅಂದಾಗ "ಪರವಾಗಿಲ್ಲ" ಅಂದರೆ ಚೆನ್ನಾಗಿಯೇ ಇದೆ ಅಂತ. ಆಸ್ಪತ್ರೆಯಲ್ಲಿ ಹೇಗೆ ನೋಡಿಕೊಂಡರು ಅಂದಾಗ "ಪರವಾಗಿಲ್ಲ ಬುಡಿ" ಅಂದರೆ ಬೇಸರ ಇದೆ, ಹೇಳಲು ಇಷ್ಟ ಇಲ್ಲ ಅಂತ. ಸುಮ್ನೆ ನಡುವಿನ 3ಕ್ಕೆ ಗುರುತು ಹಾಕಿಬಿಟ್ಟರೆ ಎರಡೂ ಕಳೆದುಹೋಗುತ್ತವೆ. ಅದಕ್ಕೇ ಹಳ್ಳಿಯಲ್ಲಿ ಕೇಳುವಾಗ ಅಭಿಪ್ರಾಯದ ಬದಲು ನಡೆದದ್ದನ್ನು ಕೇಳಿ: "ಹೋದ ತಿಂಗಳು ಎಷ್ಟು ಸಲ ಹೋದಿರಿ? ಎಷ್ಟು ಹೊತ್ತು ಕಾದಿರಿ?" ಹಾಗೇ ಒಂದು ಪ್ರಶ್ನೆಯಲ್ಲಿ ಎರಡು ವಿಷಯ ತುರುಕಬೇಡಿ. "ಬಸ್ಸು ಸಮಯಕ್ಕೆ ಬರುತ್ತದಾ ಮತ್ತು ಸ್ವಚ್ಛವಾಗಿದೆಯಾ" ಅಂತ ಕೇಳಿದರೆ "ಹೂಂ" ಅನ್ನುವ ಉತ್ತರ ಯಾವುದಕ್ಕೆ?

ಹೆಸರು, ಫೋನ್ ನಂಬರ್, ಆಧಾರ್ ಬರೆದುಕೊಳ್ಳಬೇಡಿ. ಪ್ರತಿಗೆ ಕ್ರಮಸಂಖ್ಯೆ ಸಾಕು. ಬೇಡ ಅನ್ನಿಸಿದರೆ ಉತ್ತರ ಕೊಡದೇ ಇರಬಹುದು ಅಂತ ಮೊದಲೇ ಹೇಳಿ.

ಎಣಿಕೆ: ಕೇಳುವುದು ಬೇಡ, ನಿಂತು ನೋಡಿ

ಜನ ಏನು ಹೇಳುತ್ತಾರೆ ಅನ್ನುವುದು ಬೇಡ, ಏನು ಮಾಡುತ್ತಾರೆ ಅನ್ನುವುದು ಬೇಕು ಅಂದರೆ ಈ ದಾರಿ. ಹೆಲ್ಮೆಟ್ ಹಾಕುತ್ತೀರಾ ಅಂತ ಕೇಳಿದರೆ ಬಹುತೇಕ ಎಲ್ಲರೂ ಹಾಕುತ್ತೇವೆ ಅನ್ನುತ್ತಾರೆ. ಸಿಗ್ನಲ್ ಹತ್ತಿರ ನಿಂತು ಎಣಿಸಿ, ನಿಜ ಗೊತ್ತಾಗುತ್ತದೆ. ಅದರಲ್ಲೂ ಹಿಂದೆ ಕೂತವರನ್ನು ಬೇರೆ ಎಣಿಸಿ. ಮಂಡ್ಯ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ಬಸ್ ಹತ್ತುವವರಲ್ಲಿ ಹೆಂಗಸರು ಎಷ್ಟು, ಗಂಡಸರು ಎಷ್ಟು? ದೇವರಾಜ ಮಾರುಕಟ್ಟೆಗೆ ಬಟ್ಟೆ ಚೀಲ ತರುವವರು ಎಷ್ಟು ಜನ? ಇವೆಲ್ಲ ಒಂದು ಪ್ಯಾಡು, ಪೆನ್ನು, ಗಡಿಯಾರ ಇದ್ದರೆ ಆಗುವ ಕೆಲಸ. ಖರ್ಚು ಇಲ್ಲವೇ ಇಲ್ಲ ಅನ್ನಬಹುದು.

ಎಣಿಸುವ ಮೊದಲು ವ್ಯಾಖ್ಯೆ ಬರೆದಿಟ್ಟುಕೊಳ್ಳಬೇಕು. ಹೆಲ್ಮೆಟ್ ಕನ್ನಡಿಗೆ ನೇತುಹಾಕಿದ್ದರೆ ಹಾಕಿದ್ದು ಅಂತಲಾ? ತಲೆ ಮೇಲಿದೆ, ಪಟ್ಟಿ ಬಿಗಿದಿಲ್ಲ, ಆಗ? ಇದನ್ನು ರಸ್ತೆಯಲ್ಲಿ ನಿಂತು ತೀರ್ಮಾನಿಸಲು ಹೋದರೆ ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ ಆಗುತ್ತದೆ. ಒಮ್ಮೆ ಸ್ನೇಹಿತರನ್ನು ಕರೆದುಕೊಂಡು ಹೋಗಿ ಇಬ್ಬರೂ ಒಂದೇ ಹೊತ್ತಲ್ಲಿ, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ, 50 ಗಾಡಿ ಎಣಿಸಿ. 45ರಲ್ಲಿ ಇಬ್ಬರದೂ ಒಂದೇ ಗುರುತು ಇದ್ದರೆ ಶೇ 90 ಹೊಂದಿಕೆ. ಅದಕ್ಕಿಂತ ತುಂಬಾ ಕಡಿಮೆ ಬಂದರೆ ನಿಮ್ಮ ವ್ಯಾಖ್ಯೆ ಸರಿ ಇಲ್ಲ. ಈ ಒಂದು ಅಂಕಿ ವರದಿಯಲ್ಲಿದ್ದರೆ ಪರೀಕ್ಷಕರು ಖುಷಿಪಡುತ್ತಾರೆ. ಬೇಕಾದರೆ ನೋಡಿ.

ಹೊತ್ತು ಆರಿಸುವುದೂ ಸ್ಯಾಂಪಲ್ಲೇ. ಬರೀ ಬೆಳಗ್ಗೆ ಒಂಬತ್ತಕ್ಕೆ ನಿಂತರೆ ಆಫೀಸಿಗೆ ಹೋಗುವವರೇ ಸಿಗುತ್ತಾರೆ. ದಿನವನ್ನು 15 ನಿಮಿಷದ ತುಂಡು ಮಾಡಿ ಚೀಟಿ ಎತ್ತಿ. ಮೈಸೂರಿನಲ್ಲಿ ದಸರಾ ದಿನಗಳಲ್ಲಿ ಎಣಿಸಿದರೆ ಅದು ದಸರಾ ಲೆಕ್ಕ, ಊರಿನ ಲೆಕ್ಕ ಅಲ್ಲ. ಈ ದಾರಿಯ ಕೊರತೆ ಒಂದೇ: ಯಾಕೆ ಅನ್ನುವುದು ಗೊತ್ತಾಗುವುದಿಲ್ಲ. ವಯಸ್ಸು, ಓದು, ಸಂಬಳ ದೂರದಿಂದ ಕಾಣುವುದಿಲ್ಲ.

ಇರುವ ಅಂಕಿ: ಕಡಿಮೆ ಖರ್ಚು, ಜಾಸ್ತಿ ಓದು

ಸೆಕೆಂಡರಿ ಡೇಟಾ ಅಂದರೆ ಸೋಮಾರಿಗಳ ದಾರಿ ಅನ್ನುವ ಮಾತು ಕಾಲೇಜುಗಳಲ್ಲಿ ಇದೆ. ನಾನು ಒಪ್ಪುವುದಿಲ್ಲ. ಬೇರೆಯವರು ಕೂಡಿಸಿದ ಅಂಕಿಯನ್ನು ಅರ್ಥ ಮಾಡಿಕೊಳ್ಳಲು ಅವರು ಹೇಗೆ ಕೂಡಿಸಿದರು ಅಂತ ಓದಬೇಕು. ಅದು ಕಷ್ಟದ ಕೆಲಸ, ಕಲಿಸುವ ಕೆಲಸ.

ಜನಗಣತಿ ತಗೊಳ್ಳಿ. 2011ರಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. ಮೈಸೂರು ಜಿಲ್ಲೆಯದು 30,01,127. ಸಾವಿರ ಗಂಡಸರಿಗೆ ಮಂಡ್ಯದಲ್ಲಿ 995 ಹೆಂಗಸರು, ಮೈಸೂರಿನಲ್ಲಿ 985, ರಾಜ್ಯದಲ್ಲಿ 973. ಇಷ್ಟು ನೋಡಿ "ಮಂಡ್ಯದಲ್ಲಿ ಹೆಣ್ಣುಮಕ್ಕಳ ಸ್ಥಿತಿ ರಾಜ್ಯಕ್ಕಿಂತ ಚೆನ್ನಾಗಿದೆ" ಅಂತ ಒಬ್ಬ ಹುಡುಗ ಬರೆದು ತಂದಿದ್ದ. ಆರು ವರ್ಷದ ಒಳಗಿನ ಮಕ್ಕಳ ಕಾಲಂ ನೋಡು ಅಂದೆ. ಅಲ್ಲಿ ಅದೇ ಮಂಡ್ಯದ ಅಂಕಿ 950ಕ್ಕೂ ಕೆಳಗೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ ಅವನು. ಆಮೇಲೆ ಅವನ ಪ್ರಾಜೆಕ್ಟಿನ ಪ್ರಶ್ನೆಯೇ ಬದಲಾಯಿತು: ದೊಡ್ಡವರ ಅಂಕಿಗೂ ಮಕ್ಕಳ ಅಂಕಿಗೂ ಇಷ್ಟು ಅಂತರ ಯಾವ ತಾಲ್ಲೂಕಿನಲ್ಲಿ ಜಾಸ್ತಿ? ಒಂದು ರೂಪಾಯಿ ಖರ್ಚಿಲ್ಲದೆ ಅವನು ಮಾಡಿದ ಕೆಲಸ ಆ ವರ್ಷದ ಸರ್ವೆಗಳಿಗಿಂತ ಗಟ್ಟಿಯಾಗಿತ್ತು.

ಇದರ ತೊಂದರೆ ಅಂದರೆ ಹಳೆಯದಾಗಿರುವುದು. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು, 2027ಕ್ಕೆ ಅಂತ ಸರ್ಕಾರ ಪ್ರಕಟಿಸಿದೆ. ಆರೋಗ್ಯ, ಪೌಷ್ಟಿಕತೆ, ಮದುವೆ ವಯಸ್ಸಿನಂಥ ವಿಷಯಗಳಿಗೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆ. ಜಿಲ್ಲೆಗೊಂದು ಫ್ಯಾಕ್ಟ್‌ಶೀಟ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಜಿಲ್ಲೆಯವರೆಗೆ ಮಾತ್ರ ಅಂಕಿ ಇದೆ, ನಾಗಮಂಗಲಕ್ಕೂ ಶ್ರೀರಂಗಪಟ್ಟಣಕ್ಕೂ ಬೇರೆ ಬೇರೆ ಸಿಗುವುದಿಲ್ಲ. ತಾಲ್ಲೂಕಿನ ಲೆಕ್ಕ ಬೇಕಾದವರು ಜಿಲ್ಲಾ ಸಾಂಖ್ಯಿಕ ಕಚೇರಿಯಲ್ಲಿ ವಿಚಾರಿಸಿ. ಶಾಲೆಗಳ ಲೆಕ್ಕಕ್ಕೆ ಯುಡೈಸ್ ಅನ್ನುವ ಸರ್ಕಾರಿ ಶಾಲಾ ಮಾಹಿತಿ ವ್ಯವಸ್ಥೆ ಇದೆ.

ನಮ್ಮ ಕಣ್ಣೆದುರೇ ಇರುವ ಒಂದು ಡೇಟಾ ಇದೆ, ಯಾರೂ ಮುಟ್ಟುವುದಿಲ್ಲ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಒಳಹರಿವು, ಹೊರಹರಿವು ದಿನಾ ಪೇಪರಲ್ಲಿ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಒಂದು ಮಳೆಗಾಲದ ಅಂಕಿ ಕೂಡಿಸಿ ಗ್ರಾಫ್ ಹಾಕಿ ನೋಡಿ. ಅಡಿ ಒಂದೇ ಸಮನೆ ಏರಿದರೂ ನೀರು ಒಂದೇ ಸಮನೆ ಏರುವುದಿಲ್ಲ. ಕಟ್ಟೆ ಮೇಲಕ್ಕೆ ಹೋದಂತೆ ಅಗಲ ಆಗುತ್ತದೆ, ಆದ್ದರಿಂದ ಮೇಲಿನ ಹತ್ತು ಅಡಿಯಲ್ಲಿ ಕೆಳಗಿನ ಹತ್ತು ಅಡಿಗಿಂತ ಎಷ್ಟೋ ಜಾಸ್ತಿ ನೀರು. ಎರಡು ಚಲಕಗಳ (ಬದಲಾಗುವ ಅಳತೆಗಳ) ಸಂಬಂಧ ಯಾವಾಗಲೂ ನೇರ ಗೆರೆ ಅಲ್ಲ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ನನಗೆ ಗೊತ್ತಿಲ್ಲ. ಜಾಸ್ತಿ ಸಹಸಂಬಂಧ (ಎರಡೂ ಜೊತೆಜೊತೆಗೆ ಏರಿಳಿಯುವುದು) ಬಂದ ಕೂಡಲೇ ಕಾರಣ ಸಿಕ್ಕಿತು ಅಂದುಕೊಳ್ಳಬಾರದು ಅನ್ನುವುದಕ್ಕೂ ಇದೇ ಸಾಕು. ಕಟ್ಟೆಗೆ ನೀರು ಬರುವ ತಿಂಗಳಲ್ಲೇ ಮೈಸೂರಿನಲ್ಲಿ ಛತ್ರಿ ಮಾರಾಟವೂ ಏರುತ್ತದೆ. ಎರಡಕ್ಕೂ ಕಾರಣ ಮಳೆ.

ಪ್ರಯೋಗ: ಕಾರಣ ಹೇಳಬೇಕು ಅನ್ನುವವರಿಗೆ

"ಇದರಿಂದಲೇ ಇದು ಆಯಿತು" ಅಂತ ಗಟ್ಟಿಯಾಗಿ ಹೇಳಲು ಪ್ರಯೋಗವೇ ಬೇಕು. ಮಂಡ್ಯದವರಿಗೆ ಇದು ಹೊಸದಲ್ಲ. ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರಂ ಕಡೆ ಹೋದವರು ಸಣ್ಣ ಸಣ್ಣ ತಾಕು ಮಾಡಿ ಬೋರ್ಡು ನೆಟ್ಟಿರುವುದನ್ನು ನೋಡಿರುತ್ತೀರಿ. ಯಾವ ತಾಕಿಗೆ ಯಾವ ತಳಿ ಅನ್ನುವುದನ್ನು ಇಷ್ಟ ಬಂದ ಹಾಗೆ ಆರಿಸುವುದಿಲ್ಲ, ಲಾಟರಿ ಎತ್ತಿದಂತೆ ಹಂಚುತ್ತಾರೆ. ಒಂದೇ ತಳಿಯನ್ನು ಮೂರು ನಾಲ್ಕು ಕಡೆ ಹಾಕುತ್ತಾರೆ. ಇಲ್ಲದಿದ್ದರೆ ಒಳ್ಳೆಯ ಮಣ್ಣಿನ ಫಲ ತಳಿಗೆ ಹೋಗಿಬಿಡುತ್ತದೆ. ಈ ಕ್ರಮವನ್ನು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹೊಲಗಳ ಲೆಕ್ಕ ನೋಡುತ್ತಾ ಗಟ್ಟಿ ಮಾಡಿದವರು ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್.

ಬಿ.ಎಡ್. ಮಾಡುವವರಿಗೆ ಇದು ಹೇಳಿ ಮಾಡಿಸಿದ ದಾರಿ. ತರಗತಿ ಕೈಯಲ್ಲೇ ಇರುತ್ತದೆ. ಭಿನ್ನರಾಶಿಯನ್ನು ಹುಣಸೆ ಬೀಜ ಇಟ್ಟು ಕಲಿಸಿದರೆ ಜಾಸ್ತಿ ಅರ್ಥವಾಗುತ್ತದಾ? ಮೊದಲು ಒಂದು ಟೆಸ್ಟ್, ಪಾಠ, ಆಮೇಲೆ ಇನ್ನೊಂದು ಟೆಸ್ಟ್. ಆದರೆ ಎ ಸೆಕ್ಷನ್‌ಗೆ ಬೀಜದಲ್ಲಿ, ಬಿ ಸೆಕ್ಷನ್‌ಗೆ ಬೋರ್ಡಿನಲ್ಲಿ ಕಲಿಸಿ ಹೋಲಿಸಿದರೆ ಅದು ಪೂರ್ತಿ ಪ್ರಯೋಗ ಅಲ್ಲ. ಸೆಕ್ಷನ್ ಮಾಡುವಾಗಲೇ ಅಂಕ ನೋಡಿ ಮಾಡಿರಬಹುದು. ಎ ಸೆಕ್ಷನ್ ಪಾಠ ಬೆಳಗ್ಗೆ, ಬಿ ಸೆಕ್ಷನ್‌ದು ಊಟ ಆದ ಮೇಲೆ ಇರಬಹುದು. ಆದ್ದರಿಂದ ಎರಡೂ ಕಡೆ ಮೊದಲ ಟೆಸ್ಟಿನ ಅಂಕ ಇರಲಿ, ಎಷ್ಟು ಏರಿತು ಅನ್ನುವುದನ್ನು ಹೋಲಿಸಿ, ಪೀರಿಯಡ್ ಅದಲುಬದಲು ಮಾಡಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಬರಹದಲ್ಲಿ ಬೇಕು, ಪೋಷಕರಿಗೂ ತಿಳಿಸಬೇಕು. ಬೀಜದ ಪಾಠ ಚೆನ್ನಾಗಿದ್ದರೆ ಕೊನೆಗೆ ಬಿ ಸೆಕ್ಷನ್ ಮಕ್ಕಳಿಗೂ ಅದನ್ನು ಮಾಡಿ ಬನ್ನಿ. ಆ ಮಕ್ಕಳು ನಿಮ್ಮ ಅಂಕಿ ಮಾತ್ರ ಅಲ್ಲ.

ಬೇರೆಯವರಿಗೆ ಮೊದಲ ಸಲವೇ ಪ್ರಯೋಗ ಬೇಡ ಅನ್ನುತ್ತೇನೆ. ಅದರ ಬದಲು, ಪ್ರಯೋಗ ತಾನಾಗಿಯೇ ನಡೆದುಹೋಗಿರುವ ಜಾಗ ಹುಡುಕಬಹುದು. 1954ರಲ್ಲಿ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯಕ್ಕೆ ಬಂದು ಮಾಡಿದ್ದು ಅದನ್ನೇ. ಹತ್ತಿರ ಹತ್ತಿರದ ಎರಡು ಹಳ್ಳಿ. ಒಂದಕ್ಕೆ ನಾಲೆ ನೀರು ಸಿಕ್ಕಿತು, ಇನ್ನೊಂದರ ಭೂಮಿಗೆ ಸಿಗಲಿಲ್ಲ. ನೀರು ಸಿಕ್ಕ ಊರು ಬೇಸಾಯದಲ್ಲೇ ಉಳಿಯಿತು. ನೀರಿಲ್ಲದ ಊರಿನವರು ಪಟ್ಟಣದ ಕೆಲಸ, ವ್ಯಾಪಾರ ಅಂತ ಹೊರಗೆ ಹೊರಟರು, ಊರಿನ ಹಳೆಯ ಸಂಬಂಧಗಳೂ ಅಲ್ಲೇ ಜಾಸ್ತಿ ಬದಲಾದವು. ಅವರು ಊರುಗಳ ನಿಜವಾದ ಹೆಸರು ಬರೆಯಲಿಲ್ಲ, ವಂಗಲ ಮತ್ತು ದಲೇನ ಅಂತ ಬೇರೆ ಹೆಸರು ಕೊಟ್ಟರು. 1970ರಲ್ಲಿ ಮತ್ತೆ ಬಂದು ಅದೇ ಊರುಗಳನ್ನು ನೋಡಿದರು. ಇವತ್ತು ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಎಕ್ಸಿಟ್ ಸಿಕ್ಕ ಊರು, ಸಿಗದೆ ಪಕ್ಕಕ್ಕೆ ಉಳಿದ ಊರು ಅಂತ ಇದೇ ಥರ ನೋಡಬಹುದು. ಹೆದ್ದಾರಿ ಬರುವ ಮೊದಲೂ ಆ ಎರಡು ಊರು ಒಂದೇ ಥರ ಇದ್ದವಾ ಅಂತ ಮಾತ್ರ ಮೊದಲು ನೋಡಿಕೊಳ್ಳಬೇಕು.

ಯಾರಿಗೆ ಯಾವುದು

ಮೂರು ವಾರ ಮಾತ್ರ ಇದೆ, ಕೈಯಲ್ಲಿ ದುಡ್ಡಿಲ್ಲ ಅಂದರೆ ಇರುವ ಅಂಕಿ. ಯೋಚನೆಯೇ ಬೇಡ. ದಿನಾ ಕೆಲಸಕ್ಕೆ ಹೋಗಿ ಸಂಜೆ ಕಾಲೇಜಿನಲ್ಲಿ ಓದುವವರಿಗೂ ಅದೇ, ರಾತ್ರಿ ಕೂತು ಮಾಡಬಹುದು. ಅಪರಿಚಿತರ ಜೊತೆ ಮಾತಾಡಲು ಹಿಂಜರಿಕೆ ಇರುವವರಿಗೆ ಎಣಿಕೆ. ನಿಮ್ಮದೇ ಊರು, ನಿಮ್ಮನ್ನು ಕಂಡರೆ ಜನ ಬಾಗಿಲು ತೆಗೆಯುತ್ತಾರೆ, ಎರಡು ತಿಂಗಳು ಇದೆ ಅಂದರೆ ಸರ್ವೆ ಮಾಡಿ, ಬೇರೆ ಊರಿನ ವಿದ್ಯಾರ್ಥಿಗೆ ಸಿಗದ ಉತ್ತರ ನಿಮಗೆ ಸಿಗುತ್ತದೆ. ಪರಿಚಯ ಇರುವುದರಿಂದಲೇ ಮುಚ್ಚಿಡುವ ವಿಷಯವೂ ಇರುತ್ತದೆ, ಸಾಲ, ಕುಡಿತದಂಥದ್ದು. ಅವು ಬೇಕಾದರೆ ಪಕ್ಕದ ಊರಿಗೆ ಹೋಗಿ. ಮುಂದೆ ಪಿಎಚ್.ಡಿ. ಮಾಡುವ ಆಸೆ ಇರುವವರು ಎರಡನ್ನು ಕೂಡಿಸಿ: ದಾಖಲೆಯಿಂದ ಚಿತ್ರ, ಸಣ್ಣ ಸರ್ವೆಯಿಂದ ವಿವರ. ಆ ಡೈರಿಯ ಹುಡುಗಿ ಮಾಡಿದ್ದು ಹಾಗೆ. ಡೈರಿಯ ಕಾರ್ಯದರ್ಶಿ ಪುಸ್ತಕದಿಂದ ಯಾರ ಹೆಸರಲ್ಲಿ ಎಷ್ಟು ಖಾತೆ ಅನ್ನುವ ಲೆಕ್ಕ ಮಾತ್ರ ಕೊಟ್ಟರು, ಹೆಸರುಗಳನ್ನು ಕೊಡಲಿಲ್ಲ. ಅದು ಸರಿಯೇ. ಉಳಿದದ್ದಕ್ಕೆ ಮನೆಮನೆಗೆ ಹೋದಳು.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಶೇಕಡಾವಾರು, ಸರಾಸರಿ, ಗ್ರಾಫಿಗೆ ಎಕ್ಸೆಲ್ ಸಾಕು. ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸುವುದು), ಕೈ-ಸ್ಕ್ವೇರ್ ಬೇಕಾದರೆ ಜಾಮೊವಿ ಅಥವಾ ಜಾಸ್ಪ್ ಉಚಿತ, ಮೌಸ್ ಒತ್ತಿದರೆ ಆಗುತ್ತದೆ. ಎಸ್‌ಪಿಎಸ್‌ಎಸ್ ಕಾಲೇಜಿನ ಲ್ಯಾಬಲ್ಲಿ ಇದ್ದರೆ ಬಳಸಿ, ಅದಕ್ಕೆ ಅಂತ ದುಡ್ಡು ಸುರಿಯಬೇಡಿ. ಆರ್ (R) ಅನ್ನುವ ಸಾಫ್ಟ್‌ವೇರ್ ಕೂಡ ಉಚಿತ, ಕಲಿಯಲು ತಿಂಗಳುಗಳು ಬೇಕು. ರಜೆಯಲ್ಲಿ ಕಲಿಯಿರಿ, ಪ್ರಾಜೆಕ್ಟ್ ಮಧ್ಯೆ ಬೇಡ.

ಗೈಡ್ ಹತ್ತಿರ ಹೋಗುವಾಗ ಎರಡು ಹಾಳೆ ತಗೊಂಡು ಹೋಗಿ. ಒಂದರಲ್ಲಿ ಖಾಲಿ ಕೋಷ್ಟಕ. ಇನ್ನೊಂದರಲ್ಲಿ ಕ್ಯಾಲೆಂಡರ್: ಯಾವ ವಾರ ಅನುಮತಿ, ಯಾವ ವಾರ ಹತ್ತು ಜನರ ಮೇಲೆ ಪರೀಕ್ಷೆ, ಯಾವ ವಾರ ಅಂಕಿ ಕೂಡಿಸುವುದು, ಯಾವ ವಾರ ಬರೆಯುವುದು. ಯುಗಾದಿ, ಊರ ಹಬ್ಬ, ಇಂಟರ್ನಲ್ಸ್ ದಿನಗಳಿಗೆ ಅಡ್ಡಗೆರೆ ಎಳೆದಿರಿ. ಖಾಲಿ ಚೌಕ ತುಂಬಲು ಬೇಕಾದ ದಿನ ಉಳಿದ ದಿನಕ್ಕಿಂತ ಜಾಸ್ತಿ ಇದ್ದರೆ, ಒಂದು ಕಾಲಂ ಅಲ್ಲೇ ಹೊಡೆದುಹಾಕಿ.